ಸ್ಟೆಪ್ನಿಯ ಅಳತೆ

ಕಳೆದ ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮುನ್ನ ತಾರಸಿ ಮುಗಿಸಿಬಿಡಬೇಕೆಂಬ ಧಾವಂತ ನಮ್ಮ ಊರುಗಳನ್ನೆಲ್ಲ ಆವರಿಸಿದ್ದ ದಿನಗಳಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪಿಕಪ್ ವಾಹನವು ಪೆರ್ಲದಾಚೆಯ ಇಳಿಜಾರಿನಲ್ಲಿ ರಸ್ತೆಬದಿಯ ಚರಂಡಿಗೆ ಇಳಿಯಿತು. ಹಿಂದೆ ಕಟ್ಟಿದ್ದ ಕಾಂಕ್ರೀಟ್ ಮಿಕ್ಸರ್ ಯಂತ್ರವು ಅಡ್ಡಕ್ಕೆ ತಿರುಗಿ ಕೆಂಪುಕಲ್ಲಿನ ಪಾಗಾರಕ್ಕೆ ಬಡಿದು ನಿಂತಿತು. ಪ್ರಾಣಹಾನಿಯಾಗಲಿಲ್ಲ. ಬಂಗಾಳದಿಂದ ದುಡಿಯಲು ಬಂದ ಹತ್ತೊಂಬತ್ತು ವರ್ಷದ ಹುಡುಗನೊಬ್ಬನ ಮುಂಗೈ ಮುರಿಯಿತು. ಆ ದಿನ ತಾರಸಿ ಹಾಕಿಸಬೇಕಾಗಿದ್ದ ಮನೆಯವರು ಮಧ್ಯಾಹ್ನದ ತನಕ ಕಾದು, ಬೇಯಿಸಿಟ್ಟ ಅನ್ನವನ್ನು ನೆರೆಕರೆಯವರಿಗೆ ಹಂಚಿದರಂತೆ.

ಆಗಿದ್ದಿಷ್ಟು. ಬೆಳಗ್ಗೆ ಚೆರ್ಕಳದ ಬಳಿ ಹಿಂದಿನ ಎಡಗಡೆಯ ಟೈರಿಗೆ ಕಬ್ಬಿಣದ ಸರಳಿನ ತುಂಡು ಹೊಕ್ಕಿತು. ಸ್ಟೆಪ್ನಿ ಇಳಿಸಿ ಹಾಕಿಕೊಂಡು ಹೊರಟರು. ಒಂದು ಗಂಟೆಯೊಳಗೆ ಆ ಸ್ಟೆಪ್ನಿಯೂ ಒಡೆಯಿತು. ನಾನು ಆಸ್ಪತ್ರೆಗೆ ಹೋದಾಗ ಅವನು ಹೊರಗಿನ ಬೆಂಚಿನಲ್ಲಿ ಕುಳಿತಿದ್ದ. ಮಂಗಲ್ಪಾಡಿಯ ಕಡೆ ಗಣಿತ ಕಲಿಸುತ್ತಿದ್ದ ಕಾಲದಲ್ಲಿ ಮೂರನೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದ ಹುಡುಗನ ಮುಖವೇ ಅದು. ಉತ್ತರ ತಪ್ಪಿದಾಗ ಹೀಗೆಯೇ ನೆಲ ನೋಡುತ್ತಿದ್ದ. “ಮಾಷ್ಟ್ರೇ, ಅಳತೆ ಸರಿಯೇ ಇತ್ತು. ಅದೂ ಹದಿನೈದು, ಇದೂ ಹದಿನೈದು. ಕೂತದ್ದು ಸರಿಯಾಗಿಯೇ ಕೂತಿತ್ತು” ಎಂದ.

ಈ ವಾರದ ಅಂಕಣವು ಆ ಒಂದು ಮಾತಿಗೆ ಉತ್ತರ. ನಮ್ಮ ಪತ್ರಿಕೆಯ ಓದುಗರಲ್ಲಿ ಪಿಕಪ್ ಇಟ್ಟುಕೊಂಡು ಬದುಕುವವರು ಬಹಳ ಮಂದಿ. ಅಡಿಕೆ, ತೆಂಗಿನಕಾಯಿ, ಕಲ್ಲು, ಸಿಮೆಂಟು ಸಾಗಿಸುವವರು. ಹಿಂದೆ ಮಿಕ್ಸರನ್ನೋ ಜನರೇಟರನ್ನೋ ಬಂಡೆ ಕೊರೆಯುವ ಕಂಪ್ರೆಸರನ್ನೋ ಕಟ್ಟಿ ಎಳೆಯುವವರು. ವಾಹನದೊಡನೆ ಬರುವ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ಟೈರಿನ ಅಂಗಡಿಯ ಮಾತು ಮಲಯಾಳದಲ್ಲಿ ನಡೆಯುತ್ತದೆ, ಕನ್ನಡದಲ್ಲಿ ಇದನ್ನು ಕುಳಿತು ವಿವರಿಸಿದವರನ್ನು ನಾನು ಕಂಡಿಲ್ಲ. ವಾಹನ ನಡೆಸಲು ಬಾರದ ನಾನು ಈ ಕೆಲಸಕ್ಕೆ ಅರ್ಹನೇ ಎಂದು ಕೇಳಬಹುದು. ಆದರೆ ಟೈರಿನ ಮೈಮೇಲೆ ಬರೆದಿರುವುದು ಹೆಚ್ಚಿನಂಶ ಗಣಿತವೇ; ಮೂವತ್ತೊಂದು ವರ್ಷ ನಾನು ಉಂಡ ಅನ್ನ ಅದರದ್ದು.

ಮೊದಲಿಗೆ ಆ ಪದದ ವಿಚಾರ. ಹೆಚ್ಚುವರಿ ಚಕ್ರಕ್ಕೆ ನಾವು ‘ಸ್ಟೆಪ್ನಿ’ ಎನ್ನುತ್ತೇವೆ. ಮಲಯಾಳಿಗಳೂ ತುಳುವರೂ ಹಾಗೆಯೇ ಅನ್ನುತ್ತಾರೆ. ಅದು ಬ್ರಿಟನ್ನಿನ ವೇಲ್ಸ್ ನಾಡಿನ ಒಂದು ಬೀದಿಯ ಹೆಸರು. ಲನೆಲ್ಲಿ ಎಂಬ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಡೇವಿಸ್ ಸೋದರರು 1904ರ ಸುಮಾರಿಗೆ ಇದನ್ನು ಮಾರಾಟಕ್ಕೆ ತಂದರು. ಆ ಕಾಲದ ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರುತ್ತಿರಲಿಲ್ಲ. ದಾರಿಯಲ್ಲಿ ಟೈರು ಹೋದರೆ ಅಲ್ಲಿಯೇ ಕುಳಿತು ಬಿಚ್ಚಿ ತೇಪೆ ಹಾಕಬೇಕಾಗಿತ್ತು. ಅವರು ಮಾಡಿದ್ದು ಅರೆಕಾಲುಗಳಿಲ್ಲದ, ಗಾಳಿ ತುಂಬಿದ ಟೈರನ್ನು ಹೊತ್ತ ಒಂದು ಬಳೆ. ಗಾಳಿ ಹೋದ ಚಕ್ರದ ಮಗ್ಗುಲಿಗೆ ಅದನ್ನು ಹಿಡಿಕೆಗಳಿಂದ ಬಿಗಿದು ಮುಂದೆ ಸಾಗುವುದು. ವೇಲ್ಸಿನ ಆ ಬೀದಿಯ ಹೆಸರನ್ನು ಇಂದು ಬದಿಯಡ್ಕದ ಪಂಕ್ಚರ್ ಅಂಗಡಿಯಲ್ಲಿ ಇಷ್ಟು ಸಲೀಸಾಗಿ ಉಚ್ಚರಿಸುತ್ತಾರೆಂಬುದು ನನಗೆ ಇಂದಿಗೂ ಸೋಜಿಗವೇ. ಇರಲಿ.

ಈಗ ಅಳತೆಗೆ ಬರೋಣ. ನನ್ನ ವಿದ್ಯಾರ್ಥಿಯ ವಾಹನದ ನಾಲ್ಕು ಟೈರುಗಳ ಮೇಲೆ ಇದ್ದ ಬರಹ: 235/75 ಆರ್ 15, ಅದರ ಮುಂದೆ 109 ಮತ್ತು ಒಂದು ಅಕ್ಷರ. ಒಡೆದ ಸ್ಟೆಪ್ನಿಯ ಮೇಲೆ ಇದ್ದದ್ದು: 215/75 ಆರ್ 15, ಅದರ ಮುಂದೆ 100 ಮತ್ತು ಒಂದು ಅಕ್ಷರ. ಅವನು ನೋಡಿದ್ದು ಕೊನೆಯ ಹದಿನೈದನ್ನು ಮಾತ್ರ. ಅಂಗಡಿಯವನು ತೋರಿಸಿದ್ದೂ ಅದನ್ನೇ. ಹದಿನೈದು ಎಂದರೆ ಟೈರು ಕೂರುವ ಡಿಸ್ಕಿನ ವ್ಯಾಸ, ಇಂಚಿನಲ್ಲಿ. ಅದು ಸರಿಹೊಂದದಿದ್ದರೆ ಟೈರು ಕೂರುವುದೇ ಇಲ್ಲ. ಆದುದರಿಂದ ಕೂತಿತು ಎಂಬುದೊಂದೇ ಆಧಾರದಿಂದ ಸರಿಯಾಗಿದೆ ಎಂದು ತೀರ್ಮಾನಿಸುವುದು, ಅಂಗಿಯ ಗುಂಡಿ ಹಾಕಲು ಬಂತೆಂದು ಅದು ನಮ್ಮದೇ ಅಂಗಿ ಎಂದ ಹಾಗೆ.

ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಮಗ್ಗುಲಿನ ಎತ್ತರ. ಆದರೆ ಅದು ನೇರ ಅಳತೆಯಲ್ಲ, ಅಗಲದ ಶೇಕಡಾವಾರು. ಇಲ್ಲಿಯೇ ಹಲವರು ಎಡವುತ್ತಾರೆ. ಎರಡರಲ್ಲಿಯೂ 75 ಎಂದಿರುವಾಗ ಎತ್ತರ ಒಂದೇ ಎಂದು ಭಾವಿಸುತ್ತಾರೆ. 235ರ ಶೇಕಡಾ 75 ಎಂದರೆ 176 ಮಿಲಿಮೀಟರಿಗೆ ತುಸು ಮಿಕ್ಕಿ. 215ರ ಶೇಕಡಾ 75 ಎಂದರೆ 161ಕ್ಕೆ ತುಸು ಮಿಕ್ಕಿ. ಮಗ್ಗುಲು ಮೇಲೊಂದು, ಕೆಳಗೊಂದು. ಹದಿನೈದು ಇಂಚು ಎಂದರೆ 381 ಮಿಲಿಮೀಟರು. ಕೂಡಿದರೆ ಮೊದಲ ಟೈರಿನ ಪೂರ್ಣ ಎತ್ತರ 733.5, ಎರಡನೆಯದರದ್ದು 703.5. ವ್ಯತ್ಯಾಸ ಸರಿಯಾಗಿ ಮೂರು ಸೆಂಟಿಮೀಟರು.

ಮೂರು ಸೆಂಟಿಮೀಟರು ಏನು ಮಹಾ ಎನ್ನಬಾರದು. ಟೈರಿನ ಸುತ್ತಳತೆಯನ್ನು ಲೆಕ್ಕಹಾಕಿ ಕಿಲೋಮೀಟರಿಗೆ ಎಷ್ಟು ಸುತ್ತು ಎಂದು ನೋಡಿದರೆ ದೊಡ್ಡದು ಸುಮಾರು 434 ಸುತ್ತು, ಸಣ್ಣದು ಸುಮಾರು 452 ಸುತ್ತು ತಿರುಗಬೇಕು. ಅಂದರೆ ಒಂದೇ ಆಕ್ಸಲಿನ ಎಡಗಡೆಯ ಚಕ್ರವು ಬಲಗಡೆಯದಕ್ಕಿಂತ ಕಿಲೋಮೀಟರಿಗೆ ಹದಿನೆಂಟು ಸುತ್ತು ಹೆಚ್ಚು ಓಡಬೇಕು. ಕಾಸರಗೋಡಿನಿಂದ ಮಂಗಳೂರಿಗೆ ತಲಪುವಾಗ ಅದು ಒಂಬೈನೂರನ್ನು ದಾಟುತ್ತದೆ. ಈ ವ್ಯತ್ಯಾಸವನ್ನು ನುಂಗಿಕೊಳ್ಳುವುದು ಹಿಂಬದಿಯ ಆಕ್ಸಲಿನ ನಡುವೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್. ತಿರುವಿನಲ್ಲಿ ಒಳಗಿನ ಚಕ್ರ ಕಡಿಮೆಯೂ ಹೊರಗಿನದು ಹೆಚ್ಚೂ ಓಡಲೆಂದು ಅದರೊಳಗೆ ಸಣ್ಣ ಹಲ್ಲುಚಕ್ರಗಳನ್ನು ಇಟ್ಟಿರುತ್ತಾರೆ. ನೇರ ದಾರಿಯಲ್ಲಿ ಅವಕ್ಕೆ ವಿಶ್ರಾಂತಿ. ಅಳತೆ ತಪ್ಪಿದ ಸ್ಟೆಪ್ನಿ ಹಾಕಿದಾಗ ಆ ವಿಶ್ರಾಂತಿ ಇಲ್ಲವಾಗುತ್ತದೆ. ದಾರಿಯುದ್ದಕ್ಕೂ, ಹೊರೆಯ ಕೆಳಗೆ, ಬಿಡುವಿಲ್ಲದೆ ತಿರುಗುತ್ತಲೇ ಇರಬೇಕು. ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಹೋದರೆ ಅದು ತಾಳಿಕೊಳ್ಳುತ್ತದೆ. ‘ನಾಳೆ ನೋಡೋಣ’ ಎಂದು ಒಂದು ವಾರ ಓಡಿಸಿದರೆ ಎಣ್ಣೆ ಕಾದು ಹಲ್ಲು ಸವೆಯುತ್ತದೆ. ನಾಲ್ಕು ಚಕ್ರಕ್ಕೂ ಬಲ ಹೋಗುವ ವಾಹನಗಳಲ್ಲಿ, ಅದನ್ನು ಗಟ್ಟಿ ರಸ್ತೆಯಲ್ಲಿ ಚಾಲೂ ಮಾಡಿಟ್ಟರೆ, ಪರಿಣಾಮ ಇನ್ನೂ ಬೇಗ ತಿಳಿಯುತ್ತದೆ.

ಆದರೆ ಪೆರ್ಲದಲ್ಲಿ ಟೈರು ಒಡೆದದ್ದು ಈ ಮೂರು ಸೆಂಟಿಮೀಟರಿನಿಂದಲ್ಲ. ಅದಕ್ಕೆ ಕಾರಣ ಯಾರೂ ಓದದ ಆ ಕೊನೆಯ ಅಂಕಿ.

ಅಳತೆಯ ಮುಂದೆ ಬರುವ 109, 100 ಮುಂತಾದ ಅಂಕಿಗಳು ಕಿಲೋಗ್ರಾಮುಗಳಲ್ಲ, ಹೊರೆಯ ಸೂಚ್ಯಂಕಗಳು. ಜಗತ್ತಿನಾದ್ಯಂತ ಒಂದೇ ಕೋಷ್ಟಕ. 100 ಎಂದರೆ ಒಂದು ಟೈರು ಹೊರಬಹುದಾದ ಗರಿಷ್ಠ ಹೊರೆ 800 ಕಿಲೋ. 104 ಎಂದರೆ 900. 108 ಎಂದರೆ 1,000. 109 ಎಂದರೆ 1,030. 112 ಎಂದರೆ 1,120. ಅದೂ ಪೂರ್ತಿ ಗಾಳಿ ಇದ್ದಾಗ ಮಾತ್ರ. ಅದರ ಪಕ್ಕದ ಅಕ್ಷರ ವೇಗದ ಮಿತಿ. ನಮ್ಮ ರಸ್ತೆಗಳಲ್ಲಿ ಮಿಕ್ಸರ್ ಎಳೆಯುವವರಿಗೆ ಅದರ ಚಿಂತೆ ಬೇಡ.

ಅಪಘಾತದ ನಂತರ, ಹುಡುಗನ ಕೈಗೆ ಕಟ್ಟು ಹಾಕಿಸಿದ ಮೂರನೆಯ ದಿನ, ನನ್ನ ಒತ್ತಾಯಕ್ಕೆ ಅವನು ವಾಹನವನ್ನು ದುರಸ್ತಿಯ ಬಳಿಕ ವೇಬ್ರಿಡ್ಜಿಗೆ ಒಯ್ಯಲು ಒಪ್ಪಿದ. ವಾಹನ ಓಡಲು ಮತ್ತೆ ಎರಡು ವಾರ ಬೇಕಾಯಿತು. ಅಂದಿನಷ್ಟೇ ಸಿಮೆಂಟು ಮೂಟೆ, ಅಷ್ಟೇ ಜನ, ಹಿಂದೆ ಅದೇ ಮಿಕ್ಸರ್. ಮುಂದಿನ ಚಕ್ರಗಳನ್ನು ಹೊರಗಿಟ್ಟು ಪಿಕಪ್ಪಿನ ಹಿಂದಿನ ಆಕ್ಸಲನ್ನು ಮಾತ್ರ ತೂಗಿದೆವು. 1,940 ಕಿಲೋ. ಎರಡು ಚಕ್ರಕ್ಕೆ ಹಂಚಿದರೆ ಒಂದಕ್ಕೆ 970. ಮೂಲ ಟೈರಿಗೆ 1,030ರ ತನಕ ಅವಕಾಶವಿತ್ತು, ಅಂದರೆ ಅರವತ್ತು ಕಿಲೋ ಉಳಿಕೆ. ಸ್ಟೆಪ್ನಿಗೆ ಇದ್ದದ್ದು 800. ಅದರ ಮೇಲೆ 170 ಕಿಲೋ ಹೆಚ್ಚುವರಿ ಹೇರಿ, ಮೇ ತಿಂಗಳ ಬಿಸಿಲಿನಲ್ಲಿ, ಏರುತಗ್ಗುಗಳ ದಾರಿಯಲ್ಲಿ ಓಡಿಸಲಾಗಿತ್ತು. ಮಿತಿಮೀರಿ ಹೊತ್ತ ಟೈರಿನ ಮಗ್ಗುಲು ಪ್ರತಿ ಸುತ್ತಿನಲ್ಲಿಯೂ ಅತಿಯಾಗಿ ಬಾಗಿ ನೆಟ್ಟಗಾಗುತ್ತದೆ. ಕಬ್ಬಿಣದ ತಂತಿಯನ್ನು ಅತ್ತಿತ್ತ ಬಗ್ಗಿಸಿದಾಗ ಬಿಸಿಯಾಗುವಂತೆ ಅದೂ ಬಿಸಿಯಾಗುತ್ತದೆ. ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ. ಇಳಿಜಾರಿನಲ್ಲಿ ಒಡೆದಾಗ ಹಿಂದಿನಿಂದ ಒಂದು ಟನ್ನಿನ ಮಿಕ್ಸರ್ ದೂಡುತ್ತಿತ್ತು.

ಚೀಟಿಯನ್ನು ಕೈಯಲ್ಲಿ ಹಿಡಿದು ಅವನು ಕೇಳಿದ: “ಮಿಕ್ಸರ್ ತನ್ನ ಚಕ್ರದ ಮೇಲೆಯೇ ಅಲ್ಲವಾ ಮಾಷ್ಟ್ರೇ ಇರುವುದು? ಅದರ ಭಾರ ನನ್ನ ಗಾಡಿಗೆ ಯಾಕೆ ಬರಬೇಕು?” ಒಳ್ಳೆಯ ಪ್ರಶ್ನೆ. ಎಳೆಯುವವರೆಲ್ಲ ಕೇಳಿಕೊಳ್ಳಬೇಕಾದದ್ದು. ಎರಡು ಚಕ್ರದ ಯಾವ ಯಂತ್ರವೇ ಆಗಲಿ, ಅದರ ಮೂತಿಯು ಕೊಕ್ಕೆಯ ಮೇಲೆ ಸ್ವಲ್ಪ ಭಾರವನ್ನು ಊರಿಯೇ ಇರುತ್ತದೆ. ಊರದಿದ್ದರೆ ಹಿಂಬದಿ ಹಾವಿನಂತೆ ಆಡುತ್ತದೆ. ಒಟ್ಟು ತೂಕದ ಹತ್ತನೆಯ ಒಂದು ಪಾಲಿನಷ್ಟಾದರೂ ಮೂತಿಯಲ್ಲಿರಬೇಕೆಂಬುದು ವಾಡಿಕೆಯ ಲೆಕ್ಕ. ಟನ್ನಿನ ಯಂತ್ರಕ್ಕೆ ನೂರು ಕಿಲೋ ಅನ್ನೋಣ. ಆದರೆ ಕೊಕ್ಕೆ ಇರುವುದು ಹಿಂದಿನ ಆಕ್ಸಲಿನ ಮೇಲಲ್ಲ, ಅದರಿಂದಲೂ ಹಿಂದೆ. ಇದು ಹಾರೆಗೋಲಿನ ತತ್ತ್ವ. ಏಳನೆಯ ತರಗತಿಯಲ್ಲಿ ಅವನಿಗೂ ಯಾರೋ ಕಲಿಸಿರಲೇಬೇಕು. ಮುಂದಿನ ಹಿಂದಿನ ಆಕ್ಸಲುಗಳ ನಡುವೆ 3 ಮೀಟರು, ಆಕ್ಸಲಿನಿಂದ ಕೊಕ್ಕೆಗೆ 1.2 ಮೀಟರು ಇದ್ದರೆ, ಕೊಕ್ಕೆಯ ನೂರು ಕಿಲೋ ಹಿಂದಿನ ಆಕ್ಸಲಿಗೆ 140 ಕಿಲೋ ಆಗಿ ಬರುತ್ತದೆ. ಹೆಚ್ಚಾದ ನಲವತ್ತು ಎಲ್ಲಿಂದ ಬಂತು? ಮುಂದಿನ ಚಕ್ರಗಳಿಂದ. ಅವು ಅಷ್ಟು ಹಗುರವಾಗುತ್ತವೆ; ಸ್ಟಿಯರಿಂಗಿನ ಹಿಡಿತವೂ ಅಷ್ಟು ಸಡಿಲ. ಆದುದರಿಂದಲೇ, ಬರಿದೆ ಸಾಮಾನು ಸಾಗಿಸುವವನಿಗಿಂತ ಎಳೆಯುವವನಿಗೆ ಹಿಂದಿನ ಟೈರಿನ ಸೂಚ್ಯಂಕ ಹೆಚ್ಚು ಮುಖ್ಯ.

ಈಗ ಸ್ಟೆಪ್ನಿ ಆರಿಸುವಾಗ ಏನನ್ನು ನೋಡಬೇಕು? ಬಾಗಿಲಿನ ಕಂಬದಲ್ಲಿ ಅಂಟಿಸಿರುವ ಚೀಟಿಯನ್ನು ನೋಡಬೇಕು, ಓಡುತ್ತಿರುವ ಟೈರನ್ನಲ್ಲ. ಹಿಂದಿನ ಯಜಮಾನ ಅಳತೆ ಬದಲಿಸಿ ಮಾರಿರಬಹುದು. ನಾಲ್ಕು ಟೈರುಗಳೂ ಚೀಟಿಗೆ ಒಪ್ಪಿದರೆ ಐದನೆಯದು ಅಕ್ಷರಶಃ ಅದೇ ಆಗಿರಬೇಕು: ಅದೇ ಅಗಲ, ಅದೇ ಶೇಕಡಾ, ಅದೇ ಆರ್, ಅಷ್ಟೇ ಅಥವಾ ಹೆಚ್ಚಿನ ಸೂಚ್ಯಂಕ. ಆರ್ ಎಂದರೆ ರೇಡಿಯಲ್. ಅದರ ಜೊತೆಗೆ ಹಳೆಯ ನೈಲಾನ್ ಟೈರನ್ನು ಒಂದೇ ಆಕ್ಸಲಿಗೆ ಸೇರಿಸಬಾರದು. ‘ದೊಡ್ಡದಾದರೆ ಗಟ್ಟಿ’ ಎಂಬ ನಂಬಿಕೆಯೂ ಬೇಡ. ಅಳತೆಯಲ್ಲಿ ದೊಡ್ಡದಾದ ಕಾರಿನ ಟೈರಿನ ಸೂಚ್ಯಂಕ, ಸಣ್ಣದಾದ ಲಘು ಟ್ರಕ್ಕಿನ ಟೈರಿನದ್ದಕ್ಕಿಂತ ಕಡಿಮೆ ಇರುವುದುಂಟು. ಕಾರುಗಳ ಡಿಕ್ಕಿಯಲ್ಲಿ ಬರುವ, 80 ಕಿಲೋಮೀಟರಿನ ವೇಗಮಿತಿಯ ಚೀಟಿ ಹೊತ್ತ ಸಪೂರ ಸ್ಟೆಪ್ನಿಯಂತೂ ಎಳೆಯುವ ಕೆಲಸಕ್ಕೆ ಸಲ್ಲದು. 2020ರಲ್ಲಿ ಕೇಂದ್ರ ಸರಕಾರವು, ಗಾಳಿಯ ಒತ್ತಡ ತಿಳಿಸುವ ಸಾಧನವೂ ಪಂಕ್ಚರ್ ಮುಚ್ಚುವ ಸಲಕರಣೆಯೂ ಇರುವ 3.5 ಟನ್ನಿನೊಳಗಿನ ಪ್ರಯಾಣಿಕ ಕಾರುಗಳಿಗೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತದೆ ಎಂದು ನಿಯಮ ಮಾಡಿತು. ಅದನ್ನು ಕೇಳಿಕೊಂಡು ‘ಈಗ ಸ್ಟೆಪ್ನಿ ಬೇಡವಂತೆ’ ಎಂದು ಪಿಕಪ್ಪಿನವರೂ ಹೇಳತೊಡಗಿದ್ದಾರೆ. ಆ ಮಾತು ಅವರಿಗೆ ಸಂಬಂಧಿಸಿದ್ದಲ್ಲ.

ಟೈರು ಸರಿಯಿದ್ದರೂ ಡಿಸ್ಕು ತಪ್ಪಬಹುದು. ಬೋಲ್ಟುಗಳ ಸಂಖ್ಯೆ, ಅವುಗಳ ನಡುವಣ ಅಂತರ, ನಡುವಿನ ತೂತಿನ ಗಾತ್ರ, ಡಿಸ್ಕು ಒಳಕ್ಕೆ ಎಷ್ಟು ಬಾಗಿದೆ ಎಂಬುದು ಒಂದೊಂದು ವಾಹನಕ್ಕೆ ಒಂದೊಂದು. ಓಡುವ ನಾಲ್ಕಕ್ಕೆ ಅಲಾಯ್ ಚಕ್ರ ಹಾಕಿಸಿ ಸ್ಟೆಪ್ನಿಗೆ ಕಬ್ಬಿಣದ್ದನ್ನೇ ಉಳಿಸಿಕೊಂಡವರು, ಕಬ್ಬಿಣದ ಡಿಸ್ಕಿಗೆ ಹೊಂದುವ ನಟ್ಟುಗಳನ್ನೂ ಉಳಿಸಿಕೊಳ್ಳಬೇಕು. ಎರಡರ ನಟ್ಟಿನ ಬುಡ ಒಂದೇ ತೆರನಾಗಿರುವುದಿಲ್ಲ. ನಡುರಾತ್ರಿ ಮಳೆಯಲ್ಲಿ ಅದು ನೆನಪಾದರೆ ಪ್ರಯೋಜನವಿಲ್ಲ. ಸ್ಟೆಪ್ನಿ ಹಾಕಿ ಐವತ್ತು ಕಿಲೋಮೀಟರು ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯುವುದನ್ನೂ ಮರೆಯಬಾರದು.

ಇನ್ನು ವಯಸ್ಸು. ಟೈರಿನ ಮಗ್ಗುಲಿನಲ್ಲಿ ಒಂದು ಉದ್ದನೆಯ ಗೆರೆಯೊಳಗೆ ಕೊನೆಯ ನಾಲ್ಕು ಅಂಕಿಗಳಿರುತ್ತವೆ. 2316 ಎಂದಿದ್ದರೆ 2016ನೇ ವರ್ಷದ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಓಡದೆ ಇದ್ದ ಮಾತ್ರಕ್ಕೆ ಟೈರು ಹೊಸತಾಗಿ ಉಳಿಯುವುದಿಲ್ಲ. ರಬ್ಬರು ಕುಳಿತಲ್ಲೇ ಗಟ್ಟಿಯಾಗಿ ಬಿರಿಯುತ್ತದೆ. ಒಡೆದ ಆ ಸ್ಟೆಪ್ನಿಯ ಮೇಲೆ ಇದ್ದದ್ದು ಹೆಚ್ಚುಕಡಿಮೆ ಅದೇ ಅಂಕಿ. ಹೂವು ಚೆನ್ನಾಗಿ ಉಳಿದಿದೆ ಎಂದು ಅಂಗಡಿಯವನು ಹೊಗಳಿ ಮಾರಿದ್ದ. ಬೆಲೆಯೂ ಹೊಸದರ ಮೂರನೆಯ ಒಂದು ಪಾಲು. ಸಾಲದ ಕಂತು, ಮಗಳ ಶಾಲೆ, ಮಳೆಗಾಲದ ನಾಲ್ಕು ತಿಂಗಳ ಬರಿಗೈ — ಇವೆಲ್ಲದರ ನಡುವೆ ಎಂದೋ ಒಮ್ಮೆ ಬೇಕಾಗುವ ಐದನೆಯ ಟೈರಿಗೆ ಹೊಸದರ ಹಣ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಅವನನ್ನು ನಾನು ಗದರಲಿಲ್ಲ.

ಇದಕ್ಕೆ ಹಳೆಯ ಚಾಲಕರು ಕಂಡುಕೊಂಡ ಉಪಾಯವೊಂದಿದೆ, ನನಗೆ ಬಹಳ ಹಿಡಿಸಿತು. ಸ್ಟೆಪ್ನಿಯನ್ನು ಮಲಗಿಸಿಡದೆ ಸರದಿಯಲ್ಲಿ ಸೇರಿಸಿಕೊಳ್ಳುವುದು. ಪ್ರತಿ ಎಂಟು ಹತ್ತು ಸಾವಿರ ಕಿಲೋಮೀಟರಿಗೆ ಟೈರುಗಳ ಜಾಗ ಬದಲಿಸುವಾಗ ಐದನ್ನೂ ತಿರುಗಿಸಿದರೆ ಐದೂ ಸಮವಾಗಿ ಸವೆಯುತ್ತವೆ. ಸವೆತ ಸಮವಾದರೆ ಎತ್ತರವೂ ಸಮ. ಒಂದೇ ಅಳತೆಯ ಟೈರುಗಳಾದರೂ, ಒಂದರ ಹೂವು 8 ಮಿಲಿಮೀಟರು, ಇನ್ನೊಂದರದ್ದು 3 ಆಗಿದ್ದರೆ ಎತ್ತರದಲ್ಲಿ ಒಂದು ಸೆಂಟಿಮೀಟರಿನ ವ್ಯತ್ಯಾಸ ಬಂದೇ ಬರುತ್ತದೆ. ಜೊತೆಗೆ ಐದನೆಯ ಟೈರಿಗೆ ಕೊಟ್ಟ ಹಣ ನೆಲಕ್ಕೆ ತಾಗದೆ ಮುದಿಯಾಗುವುದಿಲ್ಲ. ನಾಲ್ಕು ಟೈರು ಓಡುವುದಕ್ಕಿಂತ ಐದು ಟೈರು ಕಾಲುಪಾಲು ಹೆಚ್ಚು ದೂರ ಓಡುತ್ತವೆ. ಲೆಕ್ಕ ಹಾಕಿ ನೋಡಿದರೆ ಹೊಸ ಸ್ಟೆಪ್ನಿ ಅಷ್ಟೇನೂ ದುಬಾರಿಯಲ್ಲ.

ಕೈಗೆ ಸಿಕ್ಕ ತಪ್ಪು ಅಳತೆಯದ್ದನ್ನೇ ಹಾಕಬೇಕಾದ ಸಂದರ್ಭ ಬಂದರೆ? ಬರುತ್ತದೆ. ಆಗ ಅದನ್ನು ಹಿಂದಕ್ಕೆ ಹಾಕಬಾರದು. ಮುಂದಿನ ಒಳ್ಳೆಯ ಚಕ್ರವೊಂದನ್ನು ಬಿಚ್ಚಿ ಹಿಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಮುಂದಕ್ಕೆ ಹಾಕಬೇಕು. ಹಿಂದಿನ ಆಕ್ಸಲಿಗೆ ಬಲವನ್ನೂ ಹೊರೆಯನ್ನೂ ಹೊರುವ ಕೆಲಸ. ಜಾಕು ಎರಡು ಸಲ ಏರಿಸಬೇಕಾಗುತ್ತದೆ, ಬೆವರು ಇಳಿಯುತ್ತದೆ, ಮುಂದೆ ಸ್ಟಿಯರಿಂಗ್ ಒಂದು ಕಡೆಗೆ ಎಳೆಯುತ್ತದೆ. ಮಿಕ್ಸರನ್ನು ಬಿಚ್ಚಿ ರಸ್ತೆಬದಿಯಲ್ಲಿ ಕಲ್ಲು ಕೊಟ್ಟು ನಿಲ್ಲಿಸಿ, ಸಾಮಾನನ್ನು ಇಳಿಸಿ, ಬರಿ ಗಾಡಿಯಲ್ಲಿ ಪಂಕ್ಚರ್ ಅಂಗಡಿಗೆ ಹೋಗಿ ಮೂಲ ಟೈರಿಗೆ ತೇಪೆ ಹಾಕಿಸಿ ತರಬೇಕು. ಅಂದು ಚೆರ್ಕಳದಲ್ಲಿ ಹೀಗೆ ಮಾಡಿದ್ದರೆ ತಾರಸಿಗೆ ಎರಡು ಗಂಟೆ ತಡವಾಗುತ್ತಿತ್ತು.

ಮಿಕ್ಸರ್ ಬಿಚ್ಚುವ ಮಾತು ಬಂದದ್ದರಿಂದ ಇನ್ನೊಂದು. ಹೆಚ್ಚಿನ ಪಿಕಪ್ಪುಗಳಲ್ಲಿ ಸ್ಟೆಪ್ನಿ ಇರುವುದು ಹಿಂಬದಿಯ ಅಡಿಯಲ್ಲಿ, ಸರಪಣಿಗೆ ನೇತುಬಿದ್ದು. ಇಳಿಸುವ ಸರಳನ್ನು ತೂರಿಸುವ ತೂತು ಕೊಕ್ಕೆಯ ಹತ್ತಿರವೇ. ಮಿಕ್ಸರ್ ಕಟ್ಟಿದ್ದಾಗ ಅದರ ಮೂತಿ ಅಡ್ಡ ಬರುತ್ತದೆ. ಇಳಿಜಾರಿನಲ್ಲಿ ಮಿಕ್ಸರ್ ಬಿಚ್ಚುವುದು ಆಟವಲ್ಲ. ಎಳೆಯುವ ವಾಹನದ ಸ್ಟೆಪ್ನಿಗೆ ಮೈಯ ಮುಂಭಾಗದಲ್ಲಿ, ಕ್ಯಾಬಿನಿನ ಹಿಂದೆ, ನಿಂತ ಚೌಕಟ್ಟು ಮಾಡಿಸಿಕೊಳ್ಳುವುದೇ ಲೇಸು. ಅಡಿಯಲ್ಲಿಯೇ ಇಡುವವರು ಮಳೆಗಾಲಕ್ಕೆ ಮುನ್ನ ಒಮ್ಮೆ, ನಂತರ ಒಮ್ಮೆ ಅದನ್ನು ಇಳಿಸಿ ಏರಿಸಿ, ಸರಪಣಿಗೆ ಗ್ರೀಸು ಹಚ್ಚಬೇಕು. ಉಪ್ಪಳ, ಮಂಜೇಶ್ವರದ ಕಡಲಗಾಳಿಗೆ ಎರಡು ಮಳೆಗಾಲ ಸಾಕು, ಸರಪಣಿ ಕಚ್ಚಿಕೊಳ್ಳುತ್ತದೆ. ಗಾಳಿಯನ್ನೂ ಆಗಲೇ ನೋಡಿಕೊಳ್ಳಬಹುದು; ಚೀಟಿಯಲ್ಲಿ ಹಿಂದಿನ ಚಕ್ರಕ್ಕೆ ತುಂಬು ಹೊರೆಯಲ್ಲಿ ಎಷ್ಟೆಂದು ಬರೆದಿದೆಯೋ ಅಷ್ಟು.

ನನ್ನ ವಿದ್ಯಾರ್ಥಿ ಜುಲೈಯಲ್ಲಿ ಮನೆಗೆ ಬಂದಿದ್ದ. ಹುಡುಗನ ಕೈ ಕೂಡಿಕೊಂಡಿದೆ, ಆದರೆ ಊರಿಗೆ ಹೋದವನು ಮರಳಿ ಬರುತ್ತಾನೋ ಇಲ್ಲವೋ. ಆಸ್ಪತ್ರೆಯ ಖರ್ಚು, ಎರಡು ತಿಂಗಳ ಕೂಲಿ ಕೊಟ್ಟು ಕಳುಹಿಸಿದ್ದಾನೆ; ಕಂತು ಎರಡು ಬಾಕಿ. ಹೊಸ ಸ್ಟೆಪ್ನಿಯನ್ನು ತೋರಿಸಲು ನನ್ನನ್ನು ಅಂಗಳಕ್ಕೆ ಕರೆದ. ಕನ್ನಡಕ ಹಾಕಿಕೊಂಡು ಓದಿದೆ: 235/75 ಆರ್ 15, 109. ತಯಾರಾದ ವಾರ ಈ ವರ್ಷದ್ದೇ. ಚೆನ್ನಾಗಿದೆ ಎಂದೆ. ಹಿಂದೆ ಮಿಕ್ಸರ್ ನಿಂತಿತ್ತು. ಅದರ ಎರಡು ಚಕ್ರಗಳನ್ನು ನೋಡಿದೆ: ಒಂದರಲ್ಲಿ 6.00-16 ಎಂದಿತ್ತು, ಹಳೆಯ ಜೀಪುಗಳದ್ದೂ ಟ್ರ್ಯಾಕ್ಟರಿನ ಮುಂದಿನ ಚಕ್ರದ್ದೂ ಆದ ಅಳತೆ. ಇನ್ನೊಂದರಲ್ಲಿ ಅಕ್ಷರವೇ ಸವೆದುಹೋಗಿತ್ತು.

“ಇದರ ಸ್ಟೆಪ್ನಿ ಎಲ್ಲಿ?” ಎಂದು ಕೇಳಿದೆ.

ಅವನು ಮತ್ತೆ ನೆಲ ನೋಡಿದ. ಮಿಕ್ಸರಿಗೆ ಸ್ಟೆಪ್ನಿ ಇಡುವ ವಾಡಿಕೆ ನಮ್ಮಲ್ಲಿ ಇಲ್ಲ. “ಓಣಂ ಕಳೆದ ಮೇಲೆ ತೆಗೆಯುತ್ತೇನೆ ಮಾಷ್ಟ್ರೇ” ಎಂದ. ಮುಳ್ಳೇರಿಯದ ಹತ್ತಿರ ಒಂದು ತಾರಸಿ ಒಪ್ಪಿಕೊಂಡಿದ್ದಾನಂತೆ, ಮಳೆ ಎರಡು ದಿನ ಬಿಡುವು ಕೊಟ್ಟರೆ.